ಮಾರ್ಲೀಸಮ್ಮನ ಮೂವತ್ತೊಂಬತ್ತು ಡಿಗ್ರಿ

ಬಿಸಿಯ ವಿಷಯದಲ್ಲಿ ಈ ನೀಲಗಿರಿಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ! ಟೀ ಫ್ಯಾಕ್ಟರಿಯ ಡ್ರೈಯರ್ ಮುಂದೆ ನಿಂತು ನಿಂತೇ ತಲೆ ನರೆಸಿಕೊಂಡವನು ನಾನು. ಇನ್ನೂರ ಹತ್ತು ಡಿಗ್ರಿಯಲ್ಲಿ ಮುಳ್ಳು ನಿಂತರೆ ಘಮಘಮ ಟೀ ಪುಡಿ, ಸ್ವಲ್ಪ ಆಚೆ ಹೋದರೆ ಇದ್ದಿಲು. ಅಂಥ ಮುಳ್ಳನ್ನು ಕಣ್ಸನ್ನೆಯಲ್ಲಿ ಆಳಿದ ಚಕ್ರವರ್ತಿ ನಾನು! ಆದ್ದರಿಂದ ನನ್ನ ಹೆಂಡತಿ ಮಾದಿ ಹಿತ್ತಲಿನ ಆಲೂಗಡ್ಡೆ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿ ಇಡಿಸಿ, ‘ಹೋಮ್‌ಸ್ಟೇ’ ಎಂದು ಹೆಸರಿಟ್ಟು, ಮೊದಲ ಅತಿಥಿ ಹಾಲೆಂಡ್ ದೇಶದವರು ಎಂದು ತಿಳಿಸಿದಾಗ ನಾನು ಎದೆಯುಬ್ಬಿಸಿ ನಿಂತೆ.

“ಅಳತೆ, ತೂಕ, ಡಿಗ್ರಿ ಎಲ್ಲಾ ನನಗೆ ಬಿಡು ಮಾದಿ. ಯಾವ ದೇಶದವರೇ ಬರಲಿ, ನಾ ನೋಡ್ಕೊತೀನಿ!”

“ನೀ ನೋಡ್ಕೊಳ್ಳೋದೇನೂ ಬೇಡ. ಸುಮ್ನಿದ್ರೆ ಅದೇ ದೊಡ್ಡ ಉಪಕಾರ,” ಎಂದಳು ಮಾದಿ. “ಮೊದಲ್ನೇ ಗೆಸ್ಟು. ಇವರು ಮುಖ ಗಂಟು ಹಾಕ್ಕೊಂಡು ಹೋದ್ರೆ ಎಮ್ಮ ರೂಮಿಗೆ ತಿರುಗಿ ಆಲೂಗಡ್ಡೆನೇ ಗತಿ!”

ಅವಳ ಆಸೆಯೆಲ್ಲ ಆ ಕೋಣೆಯ ಮೇಲೆ ನಿಂತಿತ್ತು. ಅದು ನನಗೂ ಗೊತ್ತಿತ್ತು.

ಮಾರ್ಲೀಸ್ ಬಂದರು. ಐವತ್ತು ದಾಟಿದ ಶಾಲಾ ಟೀಚರ್. ಬಾಗಿಲ ಚೌಕಟ್ಟಿಗೆ ಹಣೆ ತಾಗಿಸಿಕೊಂಡೇ ಒಳಗೆ ಬಂದು, “ಕ್ಷಮಿಸಿ, ನಾನು ಒಂದು ಮೀಟರ್ ಎಂಬತ್ತೆರಡು,” ಎಂದು ಇಂಗ್ಲಿಷಿನಲ್ಲಿ ಬಾಗಿಲಿಗೇ ಕ್ಷಮೆ ಕೇಳಿದರು. ನಾನು ತಕ್ಷಣ ತಿದ್ದಿದೆ. “ಮೇಡಂ, ನಮ್ಮಲ್ಲಿ ಮನುಷ್ಯರು ಅಡಿಯಲ್ಲಿರುತ್ತಾರೆ. ಮೀಟರ್ ಇರುವುದು ರವಿಕೆ ಬಟ್ಟೆಗೆ.”

“ಓಹೋ! ಊಟಿ ಇಲ್ಲಿಂದ ಎಷ್ಟು ದೂರ?”

“ಹದಿನಾಲ್ಕು ಕಿಲೋಮೀಟರ್.”

“ಎಷ್ಟು ಎತ್ತರದಲ್ಲಿದೆ?”

“ಏಳು ಸಾವಿರ ಅಡಿಗೂ ಮೇಲೆ!”

ಮಾರ್ಲೀಸ್ ಗಾಳಿಯಲ್ಲಿ ಬೆರಳಿನಿಂದ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದರು. “ಅಂದರೆ ನಿಮ್ಮ ದೇಶದಲ್ಲಿ ಅಡ್ಡಕ್ಕೆ ನಡೆದರೆ ಮೀಟರ್, ಮೇಲಕ್ಕೆ ಹತ್ತಿದರೆ ಅಡಿ?”

ಇಷ್ಟು ವರ್ಷ ಹತ್ತಿ ಇಳಿದರೂ ಇದು ನನಗೆ ಹೊಳೆದಿರಲಿಲ್ಲ! ಆಮೇಲೆ ಪ್ರಶ್ನೆಗಳ ಸುರಿಮಳೆ. ಹಸಿರೆಲೆ ಕಿಲೋದಲ್ಲಿ, ಅದು ಬೆಳೆಯುವ ತೋಟ ಸೆಂಟಿನಲ್ಲಿ, ಮಾದಿಯ ಸರ ಪವನಿನಲ್ಲಿ, ಮಲ್ಲಿಗೆ ಮೊಳದಲ್ಲಿ. “ಮೊಳ ಎಂದರೆ?” ಎಂದಾಗ ಮೊಣಕೈಯಿಂದ ಬೆರಳ ತುದಿವರೆಗೆ ತೋರಿಸಿದೆ. ಮರುದಿನ ಊಟಿ ಮಾರ್ಕೆಟ್ಟಿನಲ್ಲಿ ಈಕೆ ಹೂವಿನ ಕಾಳಿಯಮ್ಮನ ಮುಂದೆ ತಮ್ಮ ಉದ್ದನೆಯ ತೋಳು ಚಾಚಿ, “ದಯವಿಟ್ಟು ನನ್ನ ಮೊಳದಲ್ಲಿ ಕೊಡಿ,” ಎಂದರಂತೆ! ಕಾಳಿಯಮ್ಮ ಆ ತೋಳನ್ನು ನೋಡಿ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದಳಂತೆ.

ಅನಾಹುತ ಶುರುವಾದದ್ದು ಬೇಕರಿಯಿಂದ. ಅವರ ದೇಶದಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಉಳಿದ ಬ್ರೆಡ್ಡಿಗೆಲ್ಲ ಚೀಟಿ ಅಂಟಿಸಿ ಅರ್ಧ ಬೆಲೆಗೆ ಕೊಡುತ್ತಾರಂತೆ. ಇಲ್ಲೂ ಹಾಗೇ ಇರಬೇಕೆಂದು ಮಾರ್ಲೀಸ್ ಊಟಿಯ ಬೇಕರಿಯೊಂದರ ಮುಂದೆ, ಜಡಿಮಳೆಯಲ್ಲಿ, ಕೊಡೆಯಿಲ್ಲದೆ, ಪದರಪದರದ ಗರಿಗರಿ ಬಿಸ್ಕತ್ತು ವರ್ಕಿ ಯಾವಾಗ ಅಗ್ಗವಾಗುತ್ತದೆಂದು ಕಾದು ನಿಂತರು. ಬೇಕರಿಯ ಸರವಣನ್‌ಗೆ ಕರುಳು ಚುರುಕ್ಕೆಂದಿತು. ‘ಪಾವ, ಕಾಸಿಲ್ಲದ ಹೆಂಗಸು’ ಎಂದು ತಮಿಳಿನಲ್ಲೇ ಮರುಗಿ ಒಂದು ಪೊಟ್ಟಣ ವರ್ಕಿಯನ್ನು ಬಿಟ್ಟಿಯಾಗೇ ಕೈಗಿಟ್ಟ! ಈಕೆ ಹಣ ಕೊಡುತ್ತಾರೆ, ಅವನು ತಳ್ಳುತ್ತಾನೆ. ಈಕೆ ಅರ್ಧ ಕೊಡುತ್ತಾರೆ, ಅವನು ಇನ್ನೊಂದು ವರ್ಕಿ ಸೇರಿಸುತ್ತಾನೆ. ಈ ಜಗಳ ಮುಗಿಯುವಷ್ಟರಲ್ಲಿ ಮಾರ್ಲೀಸ್ ತೊಯ್ದು ತೊಪ್ಪೆಯಾಗಿದ್ದರು.

ಮರುದಿನ ಮಧ್ಯಾಹ್ನ ಅವರು ಹಾಸಿಗೆಯಿಂದ ಏಳಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ನಮ್ಮ ಮನೆಯ ಥರ್ಮಾಮೀಟರ್ ಯಾವ ಕಾಲದಲ್ಲೋ ಒಡೆದಿತ್ತು. ಅವರೇ ತಮ್ಮ ಚೀಲದಿಂದ ತಮ್ಮ ದೇಶದ ಥರ್ಮಾಮೀಟರ್ ತೆಗೆದು ಬಾಯಲ್ಲಿಟ್ಟುಕೊಂಡು, ಅದು ಕೀಂ ಎಂದಾಗ ನನ್ನ ಕೈಗೆ ಕೊಟ್ಟರು. ನಾನು ಕನ್ನಡಕ ಏರಿಸಿ ಓದಿದೆ.

ಮೂವತ್ತೊಂಬತ್ತು!

ಆರೋಗ್ಯವಂತ ಮನುಷ್ಯನಿಗೆ ತೊಂಬತ್ತೆಂಟು. ಜ್ವರ ಬಂದರೆ ನೂರು, ನೂರ ಎರಡು. ಮೂವತ್ತೊಂಬತ್ತು ಎಂದರೆ ಫ್ರಿಜ್ಜಿನಲ್ಲಿಟ್ಟ ಹಾಲು!

“ಮಾದೀ! ಗೆಸ್ಟು ಹೆಪ್ಪುಗಟ್ಟುತಾ ಇದಾರೆ!”

ಮಾದಿ ಓಡಿ ಬಂದು ಹಣೆ ಮುಟ್ಟಿದಳು. “ಏನ ಹೇಳ್ತೀ ನೀ? ಕಾವಲಿ ತರ ಸುಡುತಾ ಇದೆಯಲ್ಲ!”

“ನೀ ಈಗ ತಾನೇ ಪಾತ್ರೆ ತೊಳೆದು ಬಂದೆ. ನಿನ್ನ ಕೈ ತಣ್ಣಗಿದೆ, ಅದಕ್ಕೆ ಹಾಗನ್ನಿಸ್ತದೆ. ಡ್ರೈಯರ್ ಮುಂದೆ ನಿಂತವನು ನೀನಾ, ನಾನಾ?”

ಅವಳಿಗೂ ಅನುಮಾನ ಬಂತು. ನನ್ನ ಆರ್ಭಟ ಅಂಥದು! ಮನೆಯಲ್ಲಿದ್ದ ಕಂಬಳಿಗಳೆಲ್ಲ ಮಾರ್ಲೀಸ್ ಮೇಲೆ ಬಿದ್ದವು. ಪಕ್ಕದ ಮನೆಯ ಬೆಳ್ಳಣ್ಣ ತನ್ನ ಕಂಬಳಿ ಹೊತ್ತು ತಂದ. ಅವನ ಹಿಂದೆ ಇಡೀ ಹಟ್ಟಿಯೇ ಬಂತು. ಒಬ್ಬಳು ಬಿಸಿನೀರ ಚೀಲ, ಒಬ್ಬಳು ಮೆಣಸಿನ ಸಾರು. ಬೆಳ್ಳಣ್ಣ ಬಾಗಿಲಲ್ಲಿ ಅಗ್ಗಿಷ್ಟಿಕೆ ಇಟ್ಟು ಮೊರದಲ್ಲಿ ಬೀಸತೊಡಗಿದ. ನಾನು ಯೂಕಲಿಪ್ಟಸ್ ಎಣ್ಣೆಯ ಸೀಸೆ ಮಾದಿಗೆ ಕೊಟ್ಟು, “ಪಾದಕ್ಕೆ ತಿಕ್ಕು!” ಎಂದು ಅಪ್ಪಣೆ ಮಾಡಿದೆ.

“ಸೆಕೆ! ತುಂಬಾ ಸೆಕೆ!” ಎಂದು ಮಾರ್ಲೀಸ್ ನರಳಿ ಕಂಬಳಿ ಒದ್ದರು.

ಹಿಮದಲ್ಲಿ ಸಾಯುವವರು ಕೊನೆಗಾಲದಲ್ಲಿ ಸೆಕೆ ಎಂದು ಬಟ್ಟೆ ಕಿತ್ತೆಸೆಯುತ್ತಾರೆಂದು ಎಲ್ಲೋ ಓದಿದ್ದೆ. “ಕೊನೇ ಹಂತ! ಇನ್ನೊಂದು ಕಂಬಳಿ ಹಾಕಿ!” ಎಂದು ಕೂಗಿದೆ.

ಕೂಗುತ್ತಲೇ ನಮ್ಮೂರ ಡಾಕ್ಟರ್ ಅಭಿನಯಾಗೆ ಫೋನ್ ಮಾಡಿದೆ. “ಡಾಕ್ಟರಮ್ಮಾ, ಗೆಸ್ಟಿಗೆ ಮೂವತ್ತೊಂಬತ್ತು!”

“ಮೂವತ್ತೊಂಬತ್ತಾ? ಭಯ ಬೇಡ ಅಂಕಲ್. ಕಂಬಳಿ ಗಿಂಬಳಿ ಹೊದಿಸಬೇಡಿ. ಕಿಟಕಿ ತೆಗೀರಿ, ಹಣೆಗೆ ಒದ್ದೆ ಬಟ್ಟೆ ಇಡಿ. ಕ್ಲಿನಿಕ್ ಮುಗಿಸಿ ಬರ್ತೀನಿ.”

ಫೋನ್ ಇಟ್ಟವನೇ ಕಿಟಕಿಯ ಚಿಲಕವನ್ನು ಇನ್ನೊಂದು ಸಲ ಭದ್ರಪಡಿಸಿದೆ. ಹೆಪ್ಪುಗಟ್ಟುತ್ತಿರುವವರಿಗೆ ಒದ್ದೆ ಬಟ್ಟೆ! ಕಿಟಕಿ ತೆಗೆಯಬೇಕಂತೆ, ಊಟಿ ಚಳಿಗೆ!

“ಡಾಕ್ಟರು ಏನೆಂದ್ರು?” ಎಂದಳು ಮಾದಿ.

“ಕೈ ಬಿಟ್ರು ಮಾದಿ,” ಎಂದೆ. “ಇನ್ನು ಅವರಿಗೆ ಇಷ್ಟ ಬಂದದ್ದು ಮಾಡಿ ಅನ್ನೋ ಹಾಗೆ ಮಾತಾಡಿದ್ರು.”

ಮಾದಿಯ ಕಣ್ಣಲ್ಲಿ ನೀರು ಬಂತು. ಕೋಣೆಯ ಚಿಂತೆ ಅವಳಿಗೆ ಮರೆತೇ ಹೋಗಿತ್ತು. ಎಷ್ಟೋ ದೂರದಿಂದ ನಮ್ಮನ್ನು ನಂಬಿ ಬಂದ ಹೆಂಗಸು! ಅವಳು ಮಾರ್ಲೀಸ್ ಕೈ ಹಿಡಿದು ಕೂತಳು. ಹಟ್ಟಿಯ ಅಜ್ಜಿಯರು ಸಾಲಾಗಿ ಗೋಡೆಗೊರಗಿ ಕೂತರು. ಕಂಬಳಿಗಳ ಗುಡ್ಡದೊಳಗಿಂದ ಬರೀ ಕೆಂಪು ಮೂಗೊಂದು ಕಾಣುತ್ತಿತ್ತು.

ಸಂಜೆಗೆ ಡಾಕ್ಟರ್ ಅಭಿನಯಾ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. “ಅಯ್ಯಯ್ಯೋ! ಇದೇನು, ಇವರನ್ನ ಬೇಯಿಸ್ತಾ ಇದೀರಾ?”

“ಮೂವತ್ತೊಂಬತ್ತೇ ಇದ್ದದ್ದು ಡಾಕ್ಟರಮ್ಮಾ! ಸಾಧ್ಯವಾದಷ್ಟು ಏರಿಸ್ತಾ ಇದೀನಿ!”

ಡಾಕ್ಟರು ಥರ್ಮಾಮೀಟರ್ ನೋಡಿದರು. ನನ್ನನ್ನು ನೋಡಿದರು. “ಅಂಕಲ್, ಅವರ ದೇಶದಲ್ಲಿ ಜ್ವರಕ್ಕೂ ಸೆಲ್ಸಿಯಸ್ಸೇ. ಇದು ನಮ್ಮ ಲೆಕ್ಕದ ನೂರ ಎರಡು!”

ಕಂಬಳಿಗಳು ಹಾರಿದವು, ಕಿಟಕಿ ತೆರೆಯಿತು, ಹಣೆಗೆ ಒದ್ದೆ ಬಟ್ಟೆ ಬಿತ್ತು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಮಾರ್ಲೀಸ್ ಎದ್ದು ಕೂತು ನೀರು ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿ, ಬೆವರು ಕಿತ್ತುಬಂದು, ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಮಾದಿ ಗಾಬರಿಯಿಂದ ಅದೇ ಥರ್ಮಾಮೀಟರ್ ತೊಳೆದು ನನ್ನ ಬಾಯಿಗೆ ತುರುಕಿ, ಕೀಂ ಎಂದಾಗ ಗಟ್ಟಿಯಾಗಿ ಓದಿದಳು. “ಮೂವತ್ತಾರೂವರೆ.”

ಅಗ್ಗಿಷ್ಟಿಕೆ ಆಚೆ ಸಾಗಿಸಿ ಆಗಷ್ಟೇ ಒಳಗೆ ಬಂದ ಬೆಳ್ಳಣ್ಣ ಡಾಕ್ಟರ ವಿವರಣೆ ಕೇಳಿರಲಿಲ್ಲ. “ಅಯ್ಯೋ, ಆ ಅಮ್ಮನಿಗಿಂತ ಕಮ್ಮಿ!” ಎಂದು ಕಿರುಚಿ, ಇದ್ದ ಕಂಬಳಿಗಳನ್ನೆಲ್ಲ ಬಾಚಿ ನನ್ನ ಮೇಲೆ ಒಟ್ಟಿ, ತಾನೂ ಮೇಲೆ ಕೂತ!

“ಸೆಲ್ಸಿಯಸ್ಸೋ! ಸೆಲ್ಸಿಯಸ್ಸು!” ಎಂದು ಒಳಗಿಂದ ಒದರಿದೆ.

“ಪಾವ, ಏನೇನೋ ಬಡಬಡಿಸ್ತಾರೆ,” ಎಂದ ಬೆಳ್ಳಣ್ಣ, ಇನ್ನೂ ಭಾರವಾಗಿ ಕೂರುತ್ತ. ಯಾರೊಬ್ಬರೂ ಅವನನ್ನು ಎಬ್ಬಿಸಲಿಲ್ಲ!

ಆ ಕತ್ತಲೆಯಲ್ಲಿ ಮಾರ್ಲೀಸ್ ಧ್ವನಿ ಕೇಳಿತು. “ನಮ್ಮೂರಲ್ಲಿ ಜ್ವರ ಬಂದರೆ ಒಬ್ಬಳೇ ಮಾತ್ರೆ ನುಂಗಿ ಮಲಗುತ್ತೇನೆ. ಇಲ್ಲಿ ಇಡೀ ಊರೇ ನನ್ನ ಹತ್ತಿರ ಕೂತಿತ್ತು. ನಾನು ಇನ್ನೊಂದು ವಾರ ಇಲ್ಲೇ ಇರಬಹುದೇ?”

ಡಾಕ್ಟರಮ್ಮ ಅದನ್ನು ನಮ್ಮ ಮಾತಿನಲ್ಲಿ ಹೇಳಿದ ಕೂಡಲೇ ಮಾದಿ ಖುಷಿಯಿಂದ ಚಪ್ಪಾಳೆ ತಟ್ಟಿದ್ದು ಕೇಳಿತು. ಕಂಬಳಿಯೊಳಗೆ ನನಗೂ ಜೀವ ಬಂತು.

“ಆದರೆ ಒಂದು ಷರತ್ತು,” ಎಂದರು ಮಾರ್ಲೀಸ್. “ನನಗೆ ಮತ್ತೆ ಜ್ವರ ಬಂದರೆ ನಿಮ್ಮ ಯಜಮಾನರಿಗೆ ಮಾತ್ರ ಹೇಳಬೇಡಿ.”

ಡಾಕ್ಟರಮ್ಮ ಅದನ್ನೂ ತಿಳಿಸಿದಾಗ ಮಾದಿ ನಗುತ್ತ ಉತ್ತರಿಸಿದಳು. “ನಿಮಗಿರಲಿ ಅಮ್ಮಾ, ಇನ್ನು ಮೇಲೆ ಆತನಿಗೇ ಜ್ವರ ಬಂದ್ರೂ ಆತನಿಗೆ ಹೇಳಲ್ಲ!”