ಎಣ್ಣೆ ನನ್ನದು, ಮುಖ ಯಾರದ್ದು?

ಅಂಗಡಿ ಇಟ್ಟವನಿಗೆ ಸಾಮಾನಿನಿಂದ ಬರುವ ತಾಪತ್ರಯಕ್ಕಿಂತ ಸಾಮಾನಿಗೆ ಅಂಟಿಸುವ ಚೀಟಿಯಿಂದ ಬರುವುದೇ ಹೆಚ್ಚು. ಪುತ್ತೂರಿನಲ್ಲಿ ನನ್ನದು ತಲೆಗೆ ಹಾಕುವ ಎಣ್ಣೆಯ ವ್ಯಾಪಾರ. ಗರುಗದ ಸೊಪ್ಪು ಹಾಕಿ ಕಾಯಿಸಿದ ತೆಂಗಿನೆಣ್ಣೆ. ಸುಳ್ಯ, ಕಡಬದ ಅಂಗಡಿಗಳಿಗೂ ಹೋಗುತ್ತದೆ. ಎಣ್ಣೆಯ ಬಗ್ಗೆ ಈವರೆಗೆ ಒಬ್ಬರೂ ದೂರು ಹೇಳಿದ್ದಿಲ್ಲ. ಜಗಳ ಬಂದದ್ದೆಲ್ಲ ಬಾಟ್ಲಿಯ ಮೇಲಿನ ಮುಖದ್ದು.

೧. ಹೊಸ ಮಚ್ಚೆ

ಕೂದಲು ತೋರಿಸದೆ ಕೂದಲೆಣ್ಣೆ ಮಾರಲಿಕ್ಕಾಗುವುದಿಲ್ಲ. ಮೊದಲು ಒಬ್ಬಳು ಸಿನಿಮಾ ನಟಿಯ ಫೋಟೋ ಹಾಕುವ ಎಂದೆ. ಚೀಟಿ ಅಚ್ಚು ಹಾಕಿಕೊಡುವ ಪ್ರೆಸ್ಸಿನವನು ಹೆದರಿದ. "ಈಗ ಕೋರ್ಟಿನವರು ಬಿಡುದಿಲ್ಲ. ದೊಡ್ಡವರ ಹೆಸರು, ಮುಖ, ಸ್ವರ ಎಲ್ಲ ಅವರವರ ಸೊತ್ತಂತೆ."

"ಮತ್ತೆ ಎಂತ ಮಾಡುದು?"

"ಎಡಕ್ಕೆ ನೋಡುವವಳನ್ನು ಬಲಕ್ಕೆ ತಿರುಗಿಸುವ. ಕೆನ್ನೆಗೊಂದು ಮಚ್ಚೆ ಇಡುವ. ಬೇರೆ ಹೆಂಗಸಾಯ್ತು."

ಮಾದರಿ ಚೀಟಿ ಬಂತು. ನಮ್ಮ ಖಾಯಂ ಗಿರಾಕಿ ವಕೀಲರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಕೂಡ ಹಾಕದೆ ನಟಿಯ ಹೆಸರು ಹೇಳಿದರು.

"ಮಚ್ಚೆ ಉಂಟಲ್ಲ ಸಾರ್?"

"ಉಂಟು. ಆ ಮಚ್ಚೆಯ ಮೇಲೆ ಮಾತ್ರ ನಿಮಗೆ ಹಕ್ಕುಂಟು. ಉಳಿದದ್ದೆಲ್ಲ ಅವಳದ್ದು."

೨. ಯಾರದ್ದೂ ಅಲ್ಲದ ಮುಖ

ಪ್ರೆಸ್ಸಿನವನು ಸೋಲುವವನಲ್ಲ. ಲೋಕದಲ್ಲೇ ಇಲ್ಲದ ಹೆಂಗಸಿನ ಮುಖವೊಂದನ್ನು ಕಂಪ್ಯೂಟರಿನಲ್ಲಿ ಮಾಡಿಸಿಕೊಟ್ಟ. ತಲೆತುಂಬ ಕೂದಲು, ಚಂದದ ನಗೆ. ಧೈರ್ಯದಲ್ಲಿ ಅಂಟಿಸಿದೆ.

ನಾನು ಸುಳ್ಯದ ಅಂಗಡಿಗೆ ಎಣ್ಣೆ ಇಳಿಸುತ್ತಿದ್ದಾಗ ಹತ್ತಿರದ ಅಜ್ಜಾವರ ಗ್ರಾಮದ ಒಬ್ಬರು ಬಾಟ್ಲಿ ಹಿಡಿದು ಬೊಬ್ಬೆ ಹಾಕಿದರು. "ಇದು ನನ್ನ ಹೆಂಡತಿ! ಪಂಚಾಯತ್ ಅಧ್ಯಕ್ಷೆ ಎಣ್ಣೆ ಮಾರ್ಲಿಕ್ಕೆ ಹೊರಟಿದ್ದಾಳೆ ಅಂತ ಜನ ಹೇಳುದಿಲ್ವಾ? ಯಾರನ್ನು ಕೇಳಿ ಹಾಕಿದ್ದು?"

"ಕಂಪ್ಯೂಟರ್ ಮಾಡಿದ್ದು, ಮಾರಾಯ್ರೆ."

"ಕಂಪ್ಯೂಟರಿಗೆ ನನ್ನ ಹೆಂಡತಿಯ ಪರಿಚಯ ಎಲ್ಲಿಂದ?"

ಅಧ್ಯಕ್ಷೆ ಅಲ್ಲೇ ಜೀಪಿನಲ್ಲಿ ಕೂತಿದ್ದರು. ಇಳಿದು ಬಂದು ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗಂಡನನ್ನು ನೋಡಿದರು.

"ಈ ಮೂಗು ನನ್ನದಾ?"

ಗಂಡ ಬಗ್ಗಿ ಬಾಟ್ಲಿಯನ್ನು ಇನ್ನೊಮ್ಮೆ ನೋಡಿದರು.

"ಇಪ್ಪತ್ತು ವರ್ಷದಿಂದ ನಿಮಗೆ ನಾನು ಹೀಗೆ ಕಾಣುದಾ?" ಎಂದು ಕೇಳಿ, ನನ್ನ ಕಡೆ ತಿರುಗಿದರು. "ಅಣ್ಣಾ, ಇದು ನಾನಲ್ಲ. ಬೇಕಾದ್ರೆ ಬರೆದು ಕೊಡ್ತೇನೆ."

ಜೀಪು ಹತ್ತುವಾಗ ಆ ಗಂಡನ ಮುಖ ಹೇಗಿತ್ತೆಂದರೆ, ಒಪ್ಪಿಗೆ ಸಿಕ್ಕಿದ್ದರೆ ತಲೆನೋವಿನ ಎಣ್ಣೆಗೆ ಅದನ್ನೇ ಹಾಕುತ್ತಿದ್ದೆ.

೩. ಸ್ಟೂಲಿನ ಮೇಲೆ ಕೂತವರು

ಯಾರದ್ದೂ ಅಲ್ಲದ ಮುಖಕ್ಕೆ ಊರಿಡೀ ವಾರಸುದಾರರು ಹುಟ್ಟುವ ಲಕ್ಷಣ ಕಂಡು, ಪರವೂರಿನವರೂ ಬೇಡ, ಕಂಪ್ಯೂಟರೂ ಬೇಡ, ನಮ್ಮವರೇ ಆಗಲಿ ಎಂದುಕೊಂಡೆ. ಕಡಬ ಕಡೆಯ ಒಬ್ಬರು ಕಲಾವಿದರು ಯಕ್ಷಗಾನದ ಸ್ತ್ರೀವೇಷದಲ್ಲಿ ದೊಡ್ಡ ಹೆಸರು. ಮೊಣಕಾಲಿನವರೆಗೆ ಇಳಿದ ಜಡೆಯ ಅವರ ವೇಷದ ಫೋಟೋವೊಂದು ಸಿಕ್ಕಿತು. ದೀಪಾವಳಿಗೆ ತುಂಬಿಸಿದ ಅಷ್ಟೂ ಬಾಟ್ಲಿಗೆ ಅದನ್ನೇ ಅಂಟಿಸಿದೆ. ವರ್ಷದ ದೊಡ್ಡ ವ್ಯಾಪಾರ ಅದರ ಮೇಲೆಯೇ ನಿಂತಿತ್ತು.

ಒಂದು ಬೆಳಿಗ್ಗೆ ಟೊಪ್ಪಿ ಹಾಕಿದ ಹಿರಿಯರೊಬ್ಬರು ಬಂದು ಬಾಟ್ಲಿ ಎತ್ತಿ ನೋಡಿದರು.

"ಈ ಹೆಂಗಸು ಯಾರು?"

"ಹೆಂಗಸಲ್ಲ, ಸ್ತ್ರೀವೇಷ. ಬಹಳ ಹೆಸರಿನ ಕಲಾವಿದರು."

"ಅವರ ಹತ್ತಿರ ಕೇಳಿದ್ದೀರಾ?"

"ಕೇಳುದು ಎಂತಕ್ಕೆ? ನನಗೆ ಅವರ ಭಾರೀ ಪರಿಚಯ."

ಅವರು ಟೊಪ್ಪಿ ತೆಗೆದರು. ಮಂಡೆಯಲ್ಲಿ ಹೆಸರಿಗೂ ಒಂದು ಕೂದಲಿಲ್ಲ. "ನನಗೆ ನಿಮ್ಮ ಪರಿಚಯ ಆಗ್ಲಿಲ್ಲ," ಎಂದರು.

ವ್ಯಾಪಾರಿ ಅಷ್ಟು ಬೇಗ ಸೋಲಬಾರದು. "ಇದು ವೇಷದ ಮುಖ. ಬಣ್ಣ ತೆಗೆದ್ರೆ ನಿಮ್ಮನ್ನು ಯಾರೂ ಗುರ್ತ ಹಿಡಿಯುದಿಲ್ಲ. ಮತ್ತೆ ಇದು ನಿಮ್ಮ ಮುಖ ಹೇಗಾಗ್ತದೆ?"

"ಗುರ್ತ ಹಿಡಿಯುದಿಲ್ವಾ? ಹಿಡಿಸುವ," ಎಂದು ಸ್ಟೂಲು ಎಳೆದು ಗಲ್ಲಾದ ಪಕ್ಕದಲ್ಲೇ ಕೂತರು, ಟೊಪ್ಪಿ ತೊಡೆಯ ಮೇಲೆ.

ಮೊದಲ ಗಿರಾಕಿ ಹೆಂಗಸು ಬಾಟ್ಲಿ ಎತ್ತಿದ್ದೇ ಇವರು ವಿನಯದಲ್ಲಿ ಹೇಳಿದರು, "ಅಕ್ಕಾ, ಅದರಲ್ಲಿರುದು ನಾನೇ." ಆಕೆ ಜಡೆ ನೋಡಿದರು, ಮಂಡೆ ನೋಡಿದರು, ಬಾಟ್ಲಿ ಮೆಲ್ಲ ಇಟ್ಟು ಹೋದರು. ಆಮೇಲೆ ಕಡಬದಿಂದ ಪೆಟ್ಟಿಗೆಗಟ್ಟಲೆ ಕೊಳ್ಳುವ ಅಂಗಡಿಯವನೇ ಬಂದ. ಅವನಿಗೂ ಇವರು ಅದನ್ನೇ ಹೇಳಿದರು. ಅವನು ಮರುಕದಿಂದ ಕೇಳಿದ, "ಎಷ್ಟು ಸಮಯ ಹಾಕಿದ್ರಿ ಈ ಎಣ್ಣೆ?"

ಕಲಾವಿದರು ಒಂದಕ್ಷರ ಸುಳ್ಳು ಹೇಳಲಿಲ್ಲ. ಮೇಲೆ ನೋಡಿ ನಿಟ್ಟುಸಿರು ಬಿಟ್ಟರು, ಅಷ್ಟೇ.

ಮಧ್ಯಾಹ್ನದವರೆಗೆ ಒಂದು ಬಾಟ್ಲಿಯೂ ಹೋಗಲಿಲ್ಲ. ನಾನು ಕೈ ಮುಗಿದೆ. "ನೋಟೀಸು ಬೇಕಾದ್ರೆ ಕಳಿಸಿ. ಒಮ್ಮೆ ಏಳಿ!"

"ಕೋರ್ಟಿಗೆ ಹೋದ್ರೆ ವರ್ಷಗಟ್ಟಲೆ ಕಾಯ್ಬೇಕು. ಇಲ್ಲಿ ಫ್ಯಾನ್ ಉಂಟು."

"ಆಯ್ತು, ಚೀಟಿ ಕೀಳ್ತೇನೆ. ಆದ್ರೆ ಕೂದಲು ತೋರಿಸದೆ ನಾನು ಹೇಗೆ ಮಾರುದು?"

"ಹಿಂದಿನಿಂದ ತೆಗೆದ ಫೋಟೋ ಕೊಡ್ತೇನೆ. ಬರೀ ಜಡೆ ಹಾಕಿ."

"ನಾಳೆ ಅದಕ್ಕೂ ಬಂದು ಕೂತ್ರೆ?"

ಅವರು ಟೊಪ್ಪಿ ಹಾಕಿಕೊಂಡು ಎದ್ದರು. "ಮುಖ ಮಾತ್ರ ನನ್ನದು ಮಾರಾಯ್ರೆ. ಜಡೆ ಬರೀ ಚೌರಿ ಕೂದಲು, ವೇಷದ ಪೆಟ್ಟಿಗೆಯಲ್ಲಿ ಉಂಟು. ಅದು ಬಂದು ಕೂತ್ರೆ ನಿಮ್ಮ ವ್ಯಾಪಾರ ಹೆಚ್ಚೇ ಆದೀತು."