ಪುಕ್ಕಟೆ ಕೊಟ್ಟದ್ದರ ಲೆಕ್ಕ

ಒಂದೇ ಒಂದು ಪದದಿಂದ ಇಷ್ಟೆಲ್ಲ ಆಯಿತು. ಆ ಪದ ‘ಯಾರೂ’.

ಕಂಪ್ಯೂಟರ್ ಮಾಸಪತ್ರಿಕೆಯೊಂದರ ಉಪಸಂಪಾದಕ, ಹೋದ ಸಂಚಿಕೆಯ ಪುಟವೊಂದರ ಕೊನೆಯಲ್ಲಿ ಎರಡು ಸಾಲಿನ ಜಾಗ ಉಳಿದಿತ್ತೆಂದು, ‘ಆಮೆಯನ್ನು ಈಗ ಯಾರೂ ಬಳಸುವುದಿಲ್ಲ’ ಎಂದು ಬರೆದು ತುಂಬಿಸಿ, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದ್ದ. ಆಮೆ ಎಂದರೆ ಕೊಳದ ಆಮೆಯಲ್ಲ. ಕಂಪ್ಯೂಟರ್ ಕಣ್ಣು ಬಿಡಬೇಕಾದರೆ ಅದರೊಳಗೆ ಆಪರೇಟಿಂಗ್ ಸಿಸ್ಟಮ್ ಎಂಬುದೊಂದು ಕೂತಿರಬೇಕು. ಕೆಲವು ಪುಣ್ಯಾತ್ಮರು ಅಂಥದನ್ನು ತಾವೇ ಬರೆದು, ಒಳಗಿನ ಗುಟ್ಟನ್ನೂ ಮುಚ್ಚಿಡದೆ, ಬೇಕಾದವರು ಒಯ್ಯಲಿ, ಬೇಕಾದ ಹಾಗೆ ತಿದ್ದಿಕೊಳ್ಳಲಿ ಎಂದು ಪುಕ್ಕಟೆ ಬಿಟ್ಟುಬಿಡುತ್ತಾರೆ. ಅಂಥವುಗಳಲ್ಲಿ ಗುಬ್ಬಿ, ಅಳಿಲು, ಆಮೆ ಎಂಬ ಮೂರು ಹೆಸರು ಮಾಡಿದ್ದವು.

ಯಾರೂ ಬಳಸದ ಆಮೆಯ ಬಳಕೆದಾರರು ಪತ್ರಿಕೆಗೆ ಚೀಲಗಟ್ಟಲೆ ಬೈಗುಳ ಕಳಿಸಿದರು.

“ಏನ್ರೀ ಅಂದಾಜಪ್ಪ,” ಎಂದರು ಸಂಪಾದಕರು ಬೆಳಿಗ್ಗೆ ಬೆಳಿಗ್ಗೆಯೇ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದರೂ, ಏನು ಕೇಳಿದರೂ ‘ಅಂದಾಜು ಇಷ್ಟಿರಬಹುದು’ ಎನ್ನುವ ಅಭ್ಯಾಸದಿಂದ ಕಚೇರಿಯಲ್ಲಿ ಅವನು ಅಂದಾಜಪ್ಪನೇ ಆಗಿಹೋಗಿದ್ದ. “ಯಾರೂ ಬಳಸಲ್ಲ ಅಂದ್ರೆ ಇವರೆಲ್ಲ ಯಾರು? ದೆವ್ವಗಳಾ?”

“ಸಾರ್, ಅದು ಹೀಗೇ ಮಾತಿಗೆ...”

“ಮಾತಿಗೆ ಬರೆಯೋಕೆ ಇದೇನು ಮದುವೆ ಆಮಂತ್ರಣನಾ? ಇವತ್ತು ಸಂಜೆ ಒಳಗೆ ಯಾವುದನ್ನ ಎಷ್ಟು ಜನ ಬಳಸ್ತಾರೆ, ಯಾವುದು ಮೊದಲು, ಪಕ್ಕಾ ಲೆಕ್ಕ ತೆಗೆದು ನಮ್ಮ ವೆಬ್‌ಸೈಟಿಗೆ ಹಾಕ್ರಿ. ಸಹಸಂಪಾದಕರ ಕುರ್ಚಿ ಖಾಲಿ ಇದೆ. ಲೆಕ್ಕ ಸರಿಯಾದ್ರೆ ಅದು ನಿಮಗೆ. ತಪ್ಪಾದ್ರೆ ಈಗಿರೋ ಕುರ್ಚೀನೂ ಖಾಲಿ.”

ಕುರ್ಚಿ ಖಾಲಿಯಿರುವ ವಿಷಯವನ್ನು ಅಂದಾಜಪ್ಪನ ಹೆಂಡತಿ ಆಗಲೇ ಬಿಲ್ಡಿಂಗಿನ ಎಲ್ಲ ಮಹಡಿಗಳಿಗೂ ಮುಟ್ಟಿಸಿದ್ದಳು.

ಮೊದಲು ಅವನು ಗುಬ್ಬಿಯನ್ನು ಬರೆದವರಿಗೆ ಫೋನ್ ಮಾಡಿದ.

“ಎಷ್ಟು ಜನ ಬಳಸ್ತಾರೆ ಅಂತ ನಮಗೆ ಹೇಗೆ ಗೊತ್ತಾಗಬೇಕು ಹೇಳಿ?” ಎಂದಿತು ಆ ಕಡೆಯ ದನಿ. “ಮಾರಿದ್ರೆ ಲೆಕ್ಕ ಇರ್ತಿತ್ತು. ಪುಕ್ಕಟೆ ಕೊಟ್ಟದ್ದನ್ನ ತಗೊಂಡು ಹೋದವನು ವಾಪಸ್ ಬರೋದು ಬೈಯೋಕೆ ಮಾತ್ರ.”

“ಎಷ್ಟು ಸಲ ಡೌನ್‌ಲೋಡ್ ಆಗಿದೆ ಅನ್ನೋದಾದ್ರೂ?”

“ಅದು ಹೇಳಬಹುದು. ಆದ್ರೆ ಒಬ್ಬ ಮಹಾನುಭಾವ ಅರ್ಧದಲ್ಲಿ ಕರೆಂಟ್ ಹೋಗಿ ಹೋಗಿ ಒಂದೇ ವಾರದಲ್ಲಿ ಹನ್ನೊಂದು ಸಲ ತಗೊಂಡ. ಇನ್ನೊಂದು ಶಾಲೆಯವರು ಒಂದು ಸಲ ತಗೊಂಡು ಇಡೀ ಶಾಲೆಗೆ ಹಾಕ್ಕೊಂಡ್ರು. ಇಬ್ಬರನ್ನೂ ಹೇಗೆ ಎಣಿಸ್ತೀರೋ ನೀವೇ ನೋಡಿ.”

ಅಂದಾಜಪ್ಪ ಫೋನಿಟ್ಟು, ಬಳಕೆದಾರರು ಪ್ರಶ್ನೆ ಕೇಳುವ ವೇದಿಕೆಗಳನ್ನು ಹುಡುಕಿದ. ಅಳಿಲಿನ ವೇದಿಕೆಯಲ್ಲಿ ಜನ ಜಾತ್ರೆಯಂತೆ ನೆರೆದಿದ್ದರು. ಸಿಕ್ಕಿತಲ್ಲ ಉತ್ತರ ಎಂದು ಅವನು ಚಪ್ಪಾಳೆ ತಟ್ಟಿದ್ದನ್ನು ಕೇಳಿ, ಪಕ್ಕದ ಮೇಜಿನಿಂದ ಕರಡಮ್ಮ ಕನ್ನಡಕ ಇಳಿಸಿದರು. ಪತ್ರಿಕೆಯ ಕರಡು ತಿದ್ದುವ ಹಿರಿಯಾಕೆ ಅವರು. ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವ ಭಾಗ್ಯವಂತೆ ಎಂದು ಎಲ್ಲರಿಗೂ ಅವರ ಮೇಲೆ ಹೊಟ್ಟೆಕಿಚ್ಚು.

“ಅಲ್ಲಪ್ಪಾ, ಅವರೆಲ್ಲ ಏನು ಕೇಳ್ತಿದ್ದಾರೆ ಅಲ್ಲಿ?”

“ಶಬ್ದ ಬರ್ತಿಲ್ಲ, ಚಿತ್ರ ಬರ್ತಿಲ್ಲ, ಪ್ರಿಂಟರ್ ಮಾತು ಕೇಳ್ತಿಲ್ಲ ಅಂತ.”

“ಆಸ್ಪತ್ರೆ ಮುಂದೆ ಸಾಲು ಉದ್ದ ಇದ್ರೆ ಜನಸಂಖ್ಯೆ ಜಾಸ್ತಿ ಅಂತಲ್ಲ. ಕಾಯಿಲೆ ಜಾಸ್ತಿ ಅಂತ.”

ಅಂದಾಜಪ್ಪ ‘ಅಳಿಲು ಮೊದಲು’ ಎಂದು ಬರೆದದ್ದನ್ನು ಹೊಡೆದುಹಾಕಿದ. ಇದು ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಎಂದು ಅವನಿಗೆ ಮನವರಿಕೆಯಾಗಿತ್ತು. ಒಂದನ್ನು ಹಿಡಿದು ಇಡುವಷ್ಟರಲ್ಲಿ ಇನ್ನೊಂದು ನೆಗೆದಿರುತ್ತದೆ.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಪತ್ರಿಕೆಯ ವೆಬ್‌ಸೈಟಿನಲ್ಲಿ ಒಂದೊಂದು ಸಿಸ್ಟಮ್ಮಿಗೂ ಒಂದೊಂದು ಪುಟವಿತ್ತು. ಪುಟವನ್ನು ಯಾರು ತೆರೆದರೂ ಮೂಲೆಯಲ್ಲಿದ್ದ ಸಂಖ್ಯೆ ಒಂದು ಮೇಲಕ್ಕೇರುತ್ತಿತ್ತು. ಯಾವುದರ ಪುಟವನ್ನು ಜನ ಹೆಚ್ಚು ನೋಡುತ್ತಾರೋ ಅದೇ ಜನಪ್ರಿಯ. ಅವನು ಎಲ್ಲ ಸಂಖ್ಯೆಗಳನ್ನೂ ಸೊನ್ನೆಗಿಳಿಸಿದ. ಕರಡಮ್ಮನ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿನಲ್ಲಿ ಪುಟಗಳನ್ನು ಒಂದೊಂದಾಗಿ ತೆರೆದು ಎಣಿಕೆ ಸರಿಯಾಗಿದೆಯೇ ಎಂದು ನೋಡಿ, ‘ಇಂದಿನ ಭೇಟಿಗಳೇ ತೀರ್ಪು’ ಎಂಬ ಪ್ರಕಟಣೆ ಹಾಕಿ, ಊಟಕ್ಕೆ ಹೋದ.

ಊಟದ ನಡುವೆ ಹೆಂಡತಿಯ ಫೋನ್ ಬಂತು.

“ರೀ, ಏನಾಯ್ತು ಲೆಕ್ಕ?”

ಅವನು ಬೇಡಬೇಡವೆಂದುಕೊಂಡೇ ಎಲ್ಲ ಹೇಳಿದ.

“ಅಷ್ಟೇನಾ? ನಮ್ಮ ಬಿಲ್ಡಿಂಗ್‌ನವರಿಗೆಲ್ಲ ಹೇಳ್ತೀನಿ, ಒಂದೊಂದು ಸಲ ಒತ್ತಲಿ. ಯಾವುದು ಗೆಲ್ಲಬೇಕು?”

“ಯಾವುದೂ ಗೆಲ್ಲಬಾರದು ಮಾರಾಯ್ತಿ. ಅಂದ್ರೆ, ತಾನಾಗೇ ಗೆಲ್ಲಬೇಕು. ನೀನು ಸುಮ್ನಿರು.”

ಆಕೆ ಸುಮ್ಮನಿರಲಿಲ್ಲ. ಪುಟದಲ್ಲಿನ ಚಿತ್ರ ಮುದ್ದಾಗಿದೆಯೆಂಬ ಒಂದೇ ಕಾರಣಕ್ಕೆ, ‘ನಮ್ಮ ಮನೆಯವರಿಗೋಸ್ಕರ ಎಲ್ಲರೂ ದಯವಿಟ್ಟು ಆಮೆಗೆ ಒತ್ತಿ’ ಎಂದು ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಬರೆದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅಲ್ಲಿ ಮಹಡಿಗೆ ನಾಲ್ಕರಂತೆ ಇದ್ದರು. ಸ್ವಲ್ಪ ಹೊತ್ತಿಗೆ ಬಿಲ್ಡಿಂಗಿನ ಸಂಘದ ಕಾರ್ಯದರ್ಶಿ ಅಂದಾಜಪ್ಪನಿಗೆ ಫೋನ್ ಮಾಡಿದರು.

“ನೋಡಿ, ನಿಮ್ಮ ಮನೇಲಿ ಆಮೆ ಸಾಕ್ತೀರಂತೆ. ಅದಕ್ಕೆ ಮತ ಕೇಳ್ತಿದ್ದೀರಂತೆ. ನಾಯಿಗೇ ನಾವು ಒಪ್ಪಿಲ್ಲ.”

“ಸಾರ್, ಅದು ಕಂಪ್ಯೂಟರ್ ಒಳಗಿರೋ ಆಮೆ.”

“ಎಲ್ಲಾದರೂ ಇಟ್ಕೊಳ್ಳಿ, ಪ್ರಾಣಿ ಪ್ರಾಣೀನೇ. ನಾವು ವಿರೋಧವಾಗಿ ಅಳಿಲಿಗೆ ಒತ್ತಿಸ್ತಿದ್ದೀವಿ. ಅಳಿಲಾದ್ರೆ ಹೊರಗಡೆ ಮರದಲ್ಲಿರುತ್ತೆ, ಯಾರಿಗೂ ತೊಂದರೆ ಇಲ್ಲ.”

ಅಂದಾಜಪ್ಪ ಕೈ ತೊಳೆದವನೇ ಕಚೇರಿಗೆ ಓಡಿಬಂದು ಸಂಖ್ಯೆಗಳನ್ನು ನೋಡಿದ. ಆಮೆ ಮತ್ತು ಅಳಿಲು ಜಿದ್ದಿಗೆ ಬಿದ್ದಂತೆ ಏರುತ್ತಿದ್ದವು. ಗುಬ್ಬಿ ಮೂಲೆಯಲ್ಲಿ ಮುದುಡಿ ಕೂತಿತ್ತು. ಆದರೆ ಅವನು ಕಣ್ಣುಜ್ಜಿಕೊಂಡು ನೋಡಿದ್ದು ಅದನ್ನಲ್ಲ. ಎಲ್ಲಕ್ಕಿಂತ ಮೇಲೆ, ಎರಡನೆಯದಕ್ಕಿಂತ ಹತ್ತುಪಟ್ಟು ಮುಂದೆ, ‘ಬಸವನಹುಳು’ ಎಂಬ ಹೆಸರಿತ್ತು.

ಬಸವನಹುಳುವನ್ನು ಯಾರೋ ಒಬ್ಬರು ಎಂದೋ ಬರೆದು, ಎಂದೋ ಕೈಬಿಟ್ಟಿದ್ದರು. ಅದರ ಪುಟವನ್ನು ವೆಬ್‌ಸೈಟಿನಿಂದ ತೆಗೆಯಲು ಸೋಮಾರಿತನವಾಗಿ ಅಂದಾಜಪ್ಪ ಹಾಗೇ ಬಿಟ್ಟಿದ್ದನಷ್ಟೆ.

ಅವನು ಬಾಯಿ ತೆರೆದು ನಿಂತಿದ್ದಾಗಲೇ ಸಂಪಾದಕರು ಹಿಂದಿನಿಂದ ಇಣುಕಿದರು. ಸಂಖ್ಯೆ ನೋಡಿದರು. ಅವರ ಮುಖ ಎಣ್ಣೆ ಹಾಕಿದ ದೀಪದಂತೆ ಬೆಳಗಿತು.

“ಬಸವನಹುಳು,” ಎಂದರು ಮೆಲ್ಲಗೆ. “ಬೇರೆ ಯಾವ ಪತ್ರಿಕೆಗೂ ಗೊತ್ತಿಲ್ಲ ಅಲ್ವಾ ಇದು?”

“ಸಾರ್, ಒಂದು ನಿಮಿಷ. ಎಲ್ಲೋ ಏನೋ...”

“ಅನುಮಾನ ಪಡಬೇಡ್ರಿ. ಸಂಖ್ಯೆ ಸುಳ್ಳು ಹೇಳಲ್ಲ.”

ಐದೇ ನಿಮಿಷದಲ್ಲಿ ಸಂಪಾದಕರು ತಮ್ಮ ಕೈಯಾರೆ ವೆಬ್‌ಸೈಟಿನ ನೆತ್ತಿಯ ಮೇಲೆ ‘ಸದ್ದಿಲ್ಲದೆ ಜಗ ಗೆದ್ದ ಬಸವನಹುಳು’ ಎಂದು ಹಾಕಿ, ಕೆಳಗೆ ಅಂದಾಜಪ್ಪನ ನಿಜವಾದ ಹೆಸರನ್ನೂ ಫೋಟೋವನ್ನೂ ಅಂಟಿಸಿದರು. ಇದೇನಿದು ಬಸವನಹುಳು ಎಂದು ನೋಡಲು ಜನ ಬಂದರು. ನೋಡಲು ಬಂದವರಿಂದ ಸಂಖ್ಯೆ ಇನ್ನೂ ಏರಿತು. ಏರಿದ್ದನ್ನು ನೋಡಲು ಮತ್ತಷ್ಟು ಜನ ಬಂದರು.

ಅಂದಾಜಪ್ಪ ಮಾತ್ರ ಕಳ್ಳನನ್ನು ಹುಡುಕುವವನಂತೆ ಕಚೇರಿಯೆಲ್ಲ ಸುತ್ತಿದ. ಕೊನೆಗೆ ಆ ಹಳೆಯ ಕಂಪ್ಯೂಟರಿನ ಮುಂದೆ ನಿಂತ. ಪರದೆಯ ಮೇಲೆ, ಊಟಕ್ಕೆ ಹೋಗುವ ಮುಂಚೆ ಅವನೇ ಎಲ್ಲಕ್ಕಿಂತ ಕೊನೆಗೆ ತೆರೆದಿದ್ದ ಬಸವನಹುಳುವಿನ ಪುಟ ಮಿಣಮಿಣ ಮಿನುಗುತ್ತಿತ್ತು. ಕೀಬೋರ್ಡಿನ ಮೇಲೆ ಕರಡಮ್ಮನ ದಪ್ಪ ನಿಘಂಟು ಬೋರಲಾಗಿ ಮಲಗಿತ್ತು. ಪುಟವನ್ನು ಮತ್ತೆ ಮತ್ತೆ ತೆರೆಸುವ ಗುಂಡಿ ಸರಿಯಾಗಿ ಅದರ ಮೂಲೆಯ ಕೆಳಗಿತ್ತು. ಮಧ್ಯಾಹ್ನದಿಂದ ನಿಘಂಟು ಒಂದೇ ಸಮನೆ ಬಸವನಹುಳುವಿಗೆ ಮತ ಹಾಕುತ್ತಿತ್ತು.

“ಅಮ್ಮಾ, ಈ ಪುಸ್ತಕ ಇಲ್ಲಿ ಯಾಕಿಟ್ರಿ?”

“ನನ್ನ ಮೇಜಲ್ಲಿ ಜಾಗ ಎಲ್ಲಿದೆಯಪ್ಪಾ? ಯಾಕೆ, ಏನಾಯ್ತು?”

ಅವನು ಏನಾಯಿತೆಂದು ಹೇಳಿದ. ಕರಡಮ್ಮ ನಿಘಂಟನ್ನೆತ್ತಿ ಸೆರಗಿನಿಂದ ಧೂಳು ಒರೆಸಿದರು.

“ಹೋಗಲಿ ಬಿಡು. ಈ ಕಚೇರಿಯಲ್ಲಿ ಆ ನಿಘಂಟಿಗಿಂತ ತಿಳಿದವರು ಯಾರಿದ್ದಾರೆ?”

ಆದರೆ ಅಂದಾಜಪ್ಪನಿಗೆ ಬಿಡಲಾಗಲಿಲ್ಲ. ನಾಳೆ ಯಾರೋ ಕಂಡುಹಿಡಿದು ಮಾನ ತೆಗೆಯುವುದಕ್ಕಿಂತ ಇವತ್ತೇ ಒಪ್ಪಿಕೊಳ್ಳುವುದು ಮೇಲು. ಕೆಲಸ ಹೋದರೆ ಹೋಗಲಿ, ಹೆಂಡತಿಗೆ ಹೇಗೋ ಹೇಳಿದರಾಯಿತು. ಗಟ್ಟಿ ಮನಸ್ಸು ಮಾಡಿ ಸಂಪಾದಕರ ಕೋಣೆಯ ಬಾಗಿಲು ತಳ್ಳಿದ.

ಒಳಗೆ ಬಿಳಿ ಕೋಟು ತೊಟ್ಟ ವಯಸ್ಸಾದವರೊಬ್ಬರು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು.

“ಬನ್ರಿ, ಬನ್ರಿ,” ಎಂದರು ಸಂಪಾದಕರು. “ಇವರು ಹಲ್ಲಿನ ಡಾಕ್ಟರು. ಬಸವನಹುಳು ಬರೆದವರು ಇವರೇ.”

“ಸಾರ್, ತಪ್ಪಾಗಿದೆ,” ಎಂದು ಅಂದಾಜಪ್ಪ ಒಂದೇ ಉಸಿರಿಗೆ ಶುರುಮಾಡಿ, ನಿಘಂಟು, ಗುಂಡಿ, ಆಮೆ, ಅಳಿಲು, ಹೆಂಡತಿ, ಕಾರ್ಯದರ್ಶಿ ಎಲ್ಲವನ್ನೂ ಹೇಳಿ ಮುಗಿಸಿದ. “ಬಸವನಹುಳುವನ್ನ ನಿಜವಾಗಿ ಯಾರೂ ಬಳಸಲ್ಲ.”

“ಬಳಸ್ತಿರಲಿಲ್ಲ,” ಎಂದರು ಡಾಕ್ಟರು. “ನನ್ನ ಬಿಟ್ರೆ ಒಬ್ಬರೂ ಇರಲಿಲ್ಲ. ಅದಕ್ಕೇ ನಿಲ್ಲಿಸಿದ್ದೆ. ಈಗ ಮಧ್ಯಾಹ್ನದಿಂದ ಎಷ್ಟು ಸಾವಿರ ಜನ ತಗೊಂಡಿದ್ದಾರೋ ಲೆಕ್ಕ ಇಲ್ಲ. ಎಲ್ಲರೂ ಕ್ಲಿನಿಕ್ಕಿಗೆ ಫೋನ್ ಮಾಡ್ತಿದ್ದಾರೆ. ಒಬ್ಬರು ಬಾಯಿ ತೆರೆದುಕೊಂಡು ಕುರ್ಚಿಯಲ್ಲಿದ್ದಾರೆ, ನಾನು ಫೋನಲ್ಲಿ ಇನ್ನೊಬ್ಬರಿಗೆ ಪ್ರಿಂಟರ್ ಬಗ್ಗೆ ಹೇಳ್ತಿದ್ದೀನಿ. ಕಿತ್ತು ಬಿಸಾಡಿದ ಹಲ್ಲನ್ನ ಮತ್ತೆ ಬಾಯಿಗಿಟ್ಟಂಗಾಗಿದೆ ನನಗೆ.”

ಸಂಪಾದಕರು ಗೆದ್ದವರಂತೆ ಕುರ್ಚಿಗೆ ಒರಗಿದರು. “ಅಲ್ಲಿಗೆ ಲೆಕ್ಕ ಸರಿಯಾಯ್ತಲ್ರೀ. ಬರೆದಾಗ ಸುಳ್ಳು, ಓದೋ ಹೊತ್ತಿಗೆ ನಿಜ. ಪತ್ರಿಕೆಗೆ ಇಷ್ಟು ಸಾಕು.”

ಅಂದಾಜಪ್ಪನಿಗೆ ಹೋದ ಜೀವ ಬಂದಂತಾಯಿತು. ಬೀಸುವ ದೊಣ್ಣೆ ತಪ್ಪಿತೆಂದುಕೊಂಡು, ಸಹಸಂಪಾದಕರ ಕುರ್ಚಿಯ ಕಡೆ ನಾಚುತ್ತಾ ಒಮ್ಮೆ ಕಣ್ಣು ಹಾಯಿಸಿದ.

“ಆ ಕುರ್ಚಿ ವಿಷಯ ಆಮೇಲೆ ನೋಡೋಣ,” ಎಂದರು ಸಂಪಾದಕರು. “ನಿಮಗೆ ಇನ್ನು ಮೇಲೆ ಕೂರೋಕೆ ಪುರುಸೊತ್ತೆಲ್ಲಿರುತ್ತೆ? ಡಾಕ್ಟರು ಒಂದು ಒಳ್ಳೆ ಕೆಲಸ ಮಾಡಿದ್ದಾರೆ.”

“ನನ್ನ ಕೈಲಾಗಲ್ಲ ಅಂತ ಬಸವನಹುಳುವಿನ ಉಸ್ತುವಾರಿಯನ್ನ ನಿಮಗೆ ವಹಿಸಿದ್ದೀನಿ,” ಎಂದರು ಡಾಕ್ಟರು ಕೈ ಮುಗಿದು. “ನನ್ನದಿದ್ದ ಜಾಗದಲ್ಲಿ ನಿಮ್ಮ ಹೆಸರು, ಫೋನ್ ನಂಬರು ಆಗಲೇ ಹಾಕಿಬಿಟ್ಟೆ. ಅದರ ಮೇಲೆ ಇಷ್ಟು ವಿಶ್ವಾಸ ಇಟ್ಟವರು ನೀವೊಬ್ಬರೇ.”

“ಡಾಕ್ಟರೇ, ಅದರ ಬಗ್ಗೆ ನನಗೆ ಏನಂದ್ರೆ ಏನೂ ಗೊತ್ತಿಲ್ಲ.”

“ನನಗೂ ಮರೆತುಹೋಗಿದೆ. ಒಳಗಿನ ಬರವಣಿಗೆ ಎಲ್ಲ ತೆರೆದೇ ಇದೆ. ನಿಧಾನವಾಗಿ ಓದಿಕೊಳ್ಳಿ.”

ಅಂದಾಜಪ್ಪನ ಜೇಬಿನಲ್ಲಿ ಫೋನ್ ನಡುಗತೊಡಗಿತು. ಬಿಲ್ಡಿಂಗಿನ ಕಾರ್ಯದರ್ಶಿ.

“ಏನ್ರೀ, ಆಮೆನೂ ಬೇಡ ಅಳಿಲೂ ಬೇಡ, ಬಸವನಹುಳು ಅಂತ ನಿಮ್ಮ ಮನೆಯವರೇ ರಾಜಿ ಮಾಡಿಸಿದ್ರು. ಜಗಳ ಬೇಡ ಅಂತ ಎಲ್ಲ ಮಹಡಿಯವರೂ ಹಾಕ್ಕೊಂಡ್ವಿ. ಈಗ ಒಬ್ಬರ ಕಂಪ್ಯೂಟರೂ ಶುರುವಾಗ್ತಿಲ್ಲ. ಎಲ್ಲರೂ ಹೊತ್ಕೊಂಡು ಬಂದು ನಿಮ್ಮ ಮನೆಯಲ್ಲೇ ಕೂತಿದ್ದೀವಿ. ನಿಮ್ಮ ಮನೆಯವರು ಎರಡನೇ ಸಲ ಟೀ ಇಟ್ಟಿದ್ದಾರೆ. ಬೇಗ ಬನ್ನಿ.”

ಫೋನ್ ಕಿವಿಯಲ್ಲಿರುವಂತೆಯೇ ಅಂದಾಜಪ್ಪ, ಎದ್ದು ಹೊರಟಿದ್ದ ಡಾಕ್ಟರ ಕೋಟು ಹಿಡಿದುಕೊಂಡ.

“ಡಾಕ್ಟರೇ, ಇದೊಂದು ಉಪಕಾರ ಮಾಡಿ. ನಿಮ್ಮ ಕಂಪ್ಯೂಟರಲ್ಲಿ ಅದು ನಡೀತಿರಬೇಕಲ್ಲ, ಹೇಗೆ ಶುರು ಮಾಡೋದು ಅಂತ ಅದರಲ್ಲಿ ಒಂದು ಸಲ ತೋರಿಸಿಕೊಡಿ.”

“ನನ್ನದರಲ್ಲಾ?” ಡಾಕ್ಟರು ಮೆಲ್ಲಗೆ ಕೋಟು ಬಿಡಿಸಿಕೊಂಡರು. “ನಾನು ಬಸವನಹುಳು ಬಿಟ್ಟು ಎಷ್ಟೋ ವರ್ಷ ಆಯ್ತು. ಈಗಿರೋದು ಗುಬ್ಬಿ. ಎಲ್ಲರೂ ಅದನ್ನೇ ಅಲ್ವೇನ್ರೀ ಬಳಸೋದು?”