ಹೆಣವಿಲ್ಲದ ಪತ್ತೇದಾರಿ

ನನ್ನ ಚಿಗವ್ವ ಈವರೆಗೆ ಕಾಣೆಯಾದ ಹನ್ನೊಂದು ಮಂದಿಯನ್ನು ಹುಡುಕಿದ್ದಾಳೆ. ಅವರಲ್ಲಿ ಎಂಟು ಮಂದಿಗೆ ತಾವು ಕಾಣೆಯಾಗಿದ್ದೇವೆಂಬುದು ಅವಳು ಬಂದು ಹೇಳುವವರೆಗೂ ಗೊತ್ತಿರಲಿಲ್ಲ!

ನಗಬೇಡಿ. ಬೈಲಹೊಂಗಲದ ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕೂಗಿ ನಿವೃತ್ತಳಾದವಳು. ಒಬ್ಬ ಗೈರುಹಾಜರಾದರೂ ಸುಮ್ಮನಿರಲಾರಳು. ಆರು ವರ್ಷದ ಹಿಂದೆ ಅವಳ ತಮ್ಮ, ಅಂದರೆ ನನ್ನ ಸಣ್ಣ ಮಾವ, ಎತ್ತು ನೋಡಿ ಬರುತ್ತೇನೆಂದು ರಾಮದುರ್ಗಕ್ಕೆ ಹೋದವನು ಮರಳಲಿಲ್ಲ. ಪೊಲೀಸರು ಹುಡುಕಿ ಕೈಬಿಟ್ಟರು, ಮನೆಯವರು ದಣಿದರು. ಚಿಗವ್ವ ಮಾತ್ರ ಪ್ರತಿ ರವಿವಾರ ರಾಮದುರ್ಗಕ್ಕೆ ಹೋಗಿ ಹುಡುಕತೊಡಗಿದಳು; ದಪ್ಪನೆಯ ಡೈರಿ ಕೊಂಡು, ಕಾಣೆಯಾದ ತಮ್ಮನನ್ನು ಹುಡುಕುವ ಅಕ್ಕನ ಪತ್ತೇದಾರಿ ಕಾದಂಬರಿಯನ್ನೂ ಶುರು ಮಾಡಿದಳು. ಅದನ್ನು ಟೈಪು ಮಾಡುವ ಬಿಟ್ಟಿ ಚಾಕರಿ ನನ್ನದು. ಅವಳ ನಾಯಕಿಯ ಕೈಯಲ್ಲಿ ಪಿಸ್ತೂಲಿಲ್ಲ, ರೊಟ್ಟಿ-ಶೇಂಗಾ ಚಟ್ನಿ ಇದೆ. ಉಂಡವರು ತಾವಾಗಿಯೇ ಬಾಯಿಬಿಡುತ್ತಾರೆ!

ಬಸ್ ಸ್ಟ್ಯಾಂಡಿನ ಗೋಡೆಯ ‘ಕಾಣೆಯಾಗಿದ್ದಾರೆ’ ಚೀಟಿಗಳೆಲ್ಲ ಅವಳಿಗೆ ಬಾಯಿಪಾಠ. ಒಮ್ಮೆ ಮುನವಳ್ಳಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವನೊಬ್ಬನ ರಟ್ಟೆ ಹಿಡಿದಳು.

“ಗಲ್ಲದ ಮ್ಯಾಲೆ ಮಚ್ಚಿ! ಸಿಕ್ಕಿ ನೋಡ ಮಗನ!”

“ಯಕ್ಕಾ, ನಾ ಮನಿಗಿ ಬಂದು ಮೂರು ತಿಂಗಳಾತ್ರಿ!”

“ಮತ್ತ ಚೀಟಿ ಯಾಕ ಕಿತ್ತಿಲ್ಲ?”

ಹಚ್ಚುವವರು ಇದ್ದಾರೆ, ಕೀಳುವವರು ಯಾರು? ಪಾಪ, ಅವನನ್ನು ಬೈಲಹೊಂಗಲದವರೆಗೆ ಬಸ್ಸಿನಲ್ಲಿ ಕರೆತಂದು, ಅವನ ಚೀಟಿಯನ್ನು ಅವನ ಕೈಯಿಂದಲೇ ಕೀಳಿಸಿದಳು. ಬದನೆಕಾಯಿ ತರಲು ಹೋದ ಗಂಡ ಸಂಜೆಯಾದರೂ ಬರಲಿಲ್ಲವೆಂದು ಅವನ ಹೆಂಡತಿ ಮತ್ತೆ ಠಾಣೆಗೆ ಹೋಗಿದ್ದಳಂತೆ!

ಧಾರವಾಡದ ಪ್ರಕಾಶಕರೊಬ್ಬರು ಹಸ್ತಪ್ರತಿ ಓದಿ, ನಮ್ಮನ್ನು ತಮ್ಮ ಪುಸ್ತಕದಂಗಡಿಗೆ ಕರೆಸಿ ತಲೆ ಕೆರೆದುಕೊಂಡರು. “ಚೊಲೊ ಬರದೀರಿ ಟೀಚರ್. ಆದ್ರ ಮುನ್ನೂರು ಪುಟದಾಗ ಒಂದಾದ್ರೂ ಹೆಣ ಬ್ಯಾಡೇನ್ರಿ?”

“ಹೆಣ ಬೇಕಂದ್ರ ಬ್ಯಾರೆ ಅಂಗಡಿಗೆ ಹೋಗ್ರಿ! ನನ್ನ ಕಾದಂಬರ್ಯಾಗ ಯಾರೂ ಸಾಯಂಗಿಲ್ಲ!”

ಅಂಗಡಿ ಅವರದ್ದೇ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ.

ಈ ಸಲದ ಮಹಾಲಯ ಅಮಾವಾಸ್ಯೆಗೆ ದೊಡವಾಡದ ದೊಡ್ಡ ಮಾವನ ಮನೆಯಲ್ಲಿ ಸೇರಿದ್ದೆವು. ತೀರಿಕೊಂಡವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವುದು ನಮ್ಮ ಪದ್ಧತಿ. ದೊಡ್ಡ ಮಾವ ಒಂದು ಧೋತರ ಹೆಚ್ಚಿಗೆ ತಂದಿದ್ದರು.

“ಆರ್ ವರ್ಷ ಆತವ್ವಾ. ಅವಂಗೂ ಒಂದ್ ಎಡಿ ಹಿಡದ್ ಬಿಡೂಣು,” ಎಂದರು. ಅವರ ದನಿಯೂ ಒಡೆದಿತ್ತು.

ಚಿಗವ್ವ ಸೀದಾ ಆ ಎಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಹೋಳಿಗೆ ಮುರಿದು ಬಾಯಿಗಿಟ್ಟಳು! “ಅಂವ ಸತ್ತಾನಂತ ಯಾರ್ ಹೇಳ್ಯಾರ? ನನ್ನ ತನಿಖಿ ಮುಗದಿಲ್ಲ. ಧೋತರ ಇಲ್ಲಿ ಕೊಡು, ಬಂದಮ್ಯಾಲೆ ಉಡತಾನ!”

ಹಿರಿಯರ ಎಡೆಯನ್ನು ಜೀವಂತ ಮನುಷ್ಯಳು ಉಂಡದ್ದು ನಮ್ಮ ಮನೆತನದಲ್ಲಿ ಅದೇ ಮೊದಲು. ತಡೆಯುವ ಗಂಡಸು ಯಾರಿದ್ದ?

ಮರಳುವಾಗ ಬಸ್ಸಿನಲ್ಲಿ ನಾನೆಂದೆ, “ಚಿಗವ್ವಾ, ಕಡೀ ಅಧ್ಯಾಯ ಒಂದ ಉಳದೈತಿ. ಮಾವ ಸಿಕ್ಕ ಅಂತ ಬರದ್ ಮುಗಿಸಿಬಿಡು.”

ಅವಳು ತೊಡೆಯ ಮೇಲಿದ್ದ ಧೋತರದ ಮಡಿಕೆ ಸರಿಮಾಡಿದಳು. ಆಮೇಲೆ ಮೆಲ್ಲಗೆ ಅಂದಳು: “ಬರಿಯೋದೇನ್ ದೊಡ್ಡದಲ್ಲ. ಪುಸ್ತಕದಾಗ ಸಿಕ್ಕಬಿಟ್ರ, ಹೊರಗ ಹುಡುಕೋದು ನಾನೂ ಬಿಟ್ಟೇನೇನೋ ಅಂತ ಅಂಜಿಕಿ ಐತಿ.”

“ರವಿವಾರ ರಾಮದುರ್ಗಕ್ಕ ನಾನೂ ಬರತೇನಿ,” ಎಂದೆ.

“ಬಾ,” ಎಂದು ನನ್ನ ಕೈ ಹಿಡಿದವಳು, ಊರು ಬರುವವರೆಗೂ ಬಿಡಲಿಲ್ಲ.